ಹಳೆಯ ಹತಾರಗಳ ಬೀದಿ

ಬೆಂಗಳೂರಿನ ಪುರಭವನಕ್ಕೂ ಕೃಷ್ಣರಾಜೇಂದ್ರ ಮಾರುಕಟ್ಟೆಗೂ ನಡುವೆ ಹಾದುಹೋಗುವ ಎಸ್. ಜೆ. ಪಿ. ರಸ್ತೆಯ ಪೂರ್ಣ ನಾಮಧೇಯ ಸಿಲ್ವರ್ ಜ್ಯೂಬಿಲಿ ಪಾರ್ಕ್ ರಸ್ತೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬ ನಡೆದುದು 1927ರಲ್ಲಿ. ಆ ಹಬ್ಬದ ನೆನಪಿನ ಉದ್ಯಾನದಿಂದ ರಸ್ತೆಗೆ ಈ ಹೆಸರು ಬಂದಿತು. ಆದರೆ ಬೆಳ್ಳಿಯ ಹೊಳಪನ್ನು ಇಲ್ಲಿ ಹುಡುಕುವವರಿಗೆ ನಿರಾಶೆಯೇ ಗತಿ. ಮೋಟಾರು, ಪಂಪು, ಬೇರಿಂಗುಗಳ ಅಂಗಡಿಗಳು ಎರಡು ಬದಿಗೂ ಸಾಲುಗಟ್ಟಿ ನಿಂತಿರುವ ಈ ಬೀದಿಯ ನಿಜವಾದ ಬಣ್ಣ ಕಬ್ಬಿಣದ ಕಪ್ಪು. ಇದರ ಸುಗಂಧ ಗ್ರೀಸಿನದು.

ಭಾನುವಾರ ಬೆಳಗಾಯಿತೆಂದರೆ ಈ ಪ್ರದೇಶದ ನೋಟವೇ ಬೇರೆ. ಮುಚ್ಚಿದ ಅಂಗಡಿಗಳ ಮುಂದೆ ಗೋಣಿಚೀಲಗಳು ಹಾಸಿಕೊಳ್ಳುತ್ತವೆ. ಅವುಗಳ ಮೇಲೆ ಸುತ್ತಿಗೆ, ಇಕ್ಕಳ, ಉಳಿ, ಗರಗಸ, ಸ್ಪ್ಯಾನರು, ಡ್ರಿಲ್ಲಿಂಗ್ ಯಂತ್ರ, ಹಿಡಿಯೊಡೆದ ತೋಪಡ, ಒಂದು ದವಡೆ ಸವೆದ ವೈಸು ಎಲ್ಲವೂ ಜಾತಿಭೇದವಿಲ್ಲದೆ ಪವಡಿಸಿರುತ್ತವೆ. ಬಡಗಿ, ವಿದ್ಯುತ್ ಕೆಲಸದವ, ಕಾಲೇಜಿನ ಹುಡುಗ, ನಿವೃತ್ತಿಯ ನಂತರ ಮನೆಯ ಕುರ್ಚಿಗಳನ್ನು ತಾವೇ ರಿಪೇರಿ ಮಾಡಬೇಕೆಂದು ಹೊರಟ ರಾಯರು, ಎಲ್ಲರೂ ಇಲ್ಲಿ ಒಟ್ಟಿಗೆ ಕುಕ್ಕುರುಗಾಲಿನಲ್ಲಿ ಕುಳಿತು ಹುಡುಕುತ್ತಾರೆ.

ಹಳೆಯ ಹತಾರಗಳಿಗೆ ಈ ನಗರದಲ್ಲಿ ಇಷ್ಟು ಗಿರಾಕಿಗಳಿರುವುದು ಆಶ್ಚರ್ಯವಲ್ಲ. 1940ರಲ್ಲಿ ವಿಮಾನ ಕಾರ್ಖಾನೆ, 1953ರಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್, ಅನಂತರ ಪೀಣ್ಯದ ಸಣ್ಣ ಕೈಗಾರಿಕೆಗಳು ಎಂದು ಬೆಳೆದ ಊರು ಇದು. ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿ ವರ್ಷಗಳೇ ಕಳೆದರೂ ಅದರ ಲೇತುಗಳು ಇಂದಿಗೂ ಕೈಯಿಂದ ಕೈಗೆ ದಾಟುತ್ತಿವೆ. ಹೊಸದಾಗಿ ಕೆಲಸ ಹೂಡುವ ತರುಣನಿಗೆ ಹೊಸ ಯಂತ್ರದ ಬೆಲೆ ಎಟುಕದು. ಹಳೆಯದೊಂದು ದೊರೆತರೆ ಅದೇ ಅವನ ಅನ್ನದ ದಾರಿ.

ಕೈಯೇ ಪರೀಕ್ಷಕ

ಈ ಬೀದಿಯಲ್ಲಿ ಮೋಸವೇ ಇಲ್ಲವೆಂದು ಯಾರೂ ಹೇಳಲಾರರು. ಪ್ರಸಿದ್ಧ ಕಂಪನಿಯ ಹೆಸರಿನಲ್ಲಿ ಒಂದಕ್ಷರ ಮಾತ್ರ ಬದಲಾದ ಯಂತ್ರಗಳುಂಟು. ಸುಟ್ಟ ಮೋಟಾರಿಗೆ ಹೊಸ ಬಣ್ಣ ಬಳಿದಿರುವುದೂ ಉಂಟು. ಆದರೆ ಅನುಭವಸ್ಥನಾದ ಗಿರಾಕಿಗೆ ಅದನ್ನು ಕಂಡುಹಿಡಿಯುವ ಉಪಾಯಗಳೂ ತಿಳಿದಿವೆ. ಅವನು ಡ್ರಿಲ್ಲಿಂಗ್ ಯಂತ್ರದ ಚಕ್ಕನ್ನು ಬೆರಳುಗಳಿಂದ ಹಿಡಿದು ಅಲುಗಿಸುತ್ತಾನೆ. ಅದು ಅತ್ತಿತ್ತ ಆಡಿದರೆ ಬೇರಿಂಗು ಸವೆದಿದೆ. ಗಾಳಿಕಿಂಡಿಯ ಬಳಿ ಮೂಗಿಟ್ಟು ನೋಡುತ್ತಾನೆ. ಸುಟ್ಟ ವಾಸನೆಯಿದ್ದರೆ ವೈಂಡಿಂಗು ಕೆಟ್ಟಿದೆ. ವಿದ್ಯುತ್ತು ಕೊಟ್ಟು ಓಡಿಸಿದಾಗ ಕಾರ್ಬನ್ ಬ್ರಷ್ಷಿನ ಬಳಿ ಸಣ್ಣ ಕಿಡಿಗಳು ಸಹಜ. ಬೆಂಕಿಯ ಬಳೆಯೇ ಸುತ್ತಿದರೆ ಅದನ್ನು ಕೆಳಗಿಡುವುದೇ ಕ್ಷೇಮ. ಹೆಸರುಪಟ್ಟಿಯಲ್ಲಿ 110 ವೋಲ್ಟ್ ಎಂದಿದ್ದರೆ ಅದು ಪರದೇಶದ ಯಂತ್ರ. ನಮ್ಮ 230 ವೋಲ್ಟಿಗೆ ನೇರವಾಗಿ ತಗುಲಿಸಿದರೆ ಸುಟ್ಟುಹೋಗುತ್ತದೆ. ತೋಪಡದ ತಳಕ್ಕೆ ಉಕ್ಕಿನ ಅಳತೆಪಟ್ಟಿಯನ್ನು ಒತ್ತಿಹಿಡಿದು ಬೆಳಕಿಗೆ ಎತ್ತಿದರೆ ಅದರ ಡೊಂಕು ತಾನಾಗಿಯೇ ಕಾಣುತ್ತದೆ.

ಇಷ್ಟೆಲ್ಲ ಆದ ಮೇಲೆ ಚೌಕಾಸಿ. ಚೌಕಾಸಿಯ ನಂತರ ಹಣ. ವಸ್ತು, ಮಾರುವವನ ಮುಖ, ಕೊಳ್ಳುವವನ ಕೈ ಮೂರೂ ಒಂದೇ ಕಡೆ ಇರುವುದು ಈ ವ್ಯಾಪಾರದ ಬಲ.

ಗಾಜಿನ ಬೀದಿ

ಈಗ ಇದರ ಪಕ್ಕದಲ್ಲಿ ಇನ್ನೊಂದು ಬೀದಿ ತೆರೆದಿದೆ. ಅದು ಅಂಗೈಯಗಲದ ಗಾಜಿನಲ್ಲಿದೆ. ಅಂತರಜಾಲದ ವರ್ಗೀಕೃತ ಜಾಹೀರಾತುಗಳಲ್ಲಿ ಭಾನುವಾರಕ್ಕಾಗಿ ಕಾಯಬೇಕಾಗಿಲ್ಲ; ಮನೆಯಲ್ಲಿ ಕಾಫಿ ಕುಡಿಯುತ್ತಲೇ ನೂರು ಯಂತ್ರಗಳನ್ನು ನೋಡಬಹುದು. ಪ್ರಾಮಾಣಿಕ ಮಾರಾಟಗಾರರು ಅಲ್ಲಿಯೂ ಬೇಕಾದಷ್ಟಿದ್ದಾರೆ. ಆದರೆ ವಸ್ತು, ಮುಖ, ಕೈಗಳು ಅಲ್ಲಿ ಬೇರೆಬೇರೆಯಾಗಿವೆ. ವಂಚಕನು ಮನೆಮಾಡಿರುವುದು ಆ ಅಂತರದಲ್ಲಿ. ಅವನ ವಿದ್ಯೆಯೆಲ್ಲ ಒಂದೇ: ವಸ್ತುವಿಗಿಂತ ಮುಂಚೆ ಹಣ ಹೊರಡುವಂತೆ ಮಾಡುವುದು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದೆಂದರೆ ಇದೇ.

ಸುಳ್ಳು ಜಾಹೀರಾತಿನ ಮೊದಲ ಗುರುತು ಬೆಲೆ. ಸಂತೆಯಲ್ಲಿ ಎಂಟು ಸಾವಿರಕ್ಕೆ ಹೋಗುವ ಯಂತ್ರ ಮೂರು ಸಾವಿರಕ್ಕೆ ಬಂದಿದ್ದರೆ ಅದಕ್ಕೊಂದು ಕಥೆಯೂ ಸಿದ್ಧವಾಗಿರುತ್ತದೆ. ಸೈನ್ಯದಲ್ಲಿದ್ದೇನೆ, ದೂರಕ್ಕೆ ವರ್ಗವಾಗಿದೆ, ಸಾಮಾನು ಸಾಗಿಸಲಾರೆ ಎಂಬ ಕಥೆ ಬಹಳ ಬಳಕೆಯದು. ಜೊತೆಗೆ ಸಮವಸ್ತ್ರದ ಚಿತ್ರ, ಗುರುತಿನ ಚೀಟಿ. ಯೋಧರ ಮೇಲೆ ಜನರಿಗಿರುವ ಗೌರವವನ್ನೇ ಬಂಡವಾಳ ಮಾಡಿಕೊಂಡ ವಂಚನೆ ಇದು.

ಎರಡನೆಯ ಗುರುತು ಚಿತ್ರ. ಬಳಸಿದ ಯಂತ್ರವೆಂದು ಬರೆದು ಕಂಪನಿಯ ಪಟ್ಟಿಯಲ್ಲಿರುವಂಥ ಚೊಕ್ಕ ಚಿತ್ರ ಹಾಕಿದ್ದರೆ ಅನುಮಾನಿಸಬೇಕು. ನಮ್ಮ ಮೂರು ದುಂಡು ಕಡ್ಡಿಗಳ ಪ್ಲಗ್ಗಿನ ಬದಲು ಚಪ್ಪಟೆ ಕಡ್ಡಿಗಳ ಪ್ಲಗ್ಗು ಕಂಡರೆ ಆ ಚಿತ್ರ ಸಾಗರದಾಚೆಯಿಂದ ಕದ್ದುತಂದದ್ದಾಗಿರಬಹುದು. ಚಿತ್ರವನ್ನೇ ಕೊಟ್ಟು ಅಂತರಜಾಲದಲ್ಲಿ ಹುಡುಕಿದರೆ ಅದೇ ಯಂತ್ರ ಇನ್ನೂ ನಾಲ್ಕು ಊರುಗಳಲ್ಲಿ ಮಾರಾಟಕ್ಕಿರುವುದು ಗೋಚರಿಸುವುದುಂಟು. ಅಂದಿನ ತಾರೀಖು ಬರೆದ ಕಾಗದವನ್ನು ಯಂತ್ರದ ಪಕ್ಕದಲ್ಲಿಟ್ಟು ಹೊಸ ಚಿತ್ರ ಕಳಿಸಿರೆಂದಾಗ, ಅಥವಾ ವೀಡಿಯೋ ಕರೆಯಲ್ಲಿ ಓಡಿಸಿ ತೋರಿಸಿರೆಂದಾಗ, ನಿಜವಾದ ಮಾಲೀಕ ಸಾಮಾನ್ಯವಾಗಿ ಒಪ್ಪುತ್ತಾನೆ. ವಂಚಕ ನೆಪ ಹುಡುಕುತ್ತಾನೆ.

ಮೂರನೆಯದು ವಿಳಾಸ. ಜಾಹೀರಾತಿನಲ್ಲಿ ಜಾಲಹಳ್ಳಿ ಎಂದಿರುತ್ತದೆ; ನೋಡಲು ಬರುತ್ತೇವೆಂದರೆ ಆತ ಊರಿನಲ್ಲಿರುವುದಿಲ್ಲ. ಈ ವಂಚಕರು ಎಲ್ಲಿರುತ್ತಾರೆಂಬುದಕ್ಕೆ ಒಂದು ನಿದರ್ಶನವಿದೆ: ಆನ್‌ಲೈನ್ ವಂಚನೆಗಳ ಜಾಡು ಹಿಡಿದು 2023ರ ಏಪ್ರಿಲ್‌ನಲ್ಲಿ ಹರಿಯಾಣದ ಪೊಲೀಸರು ನೂಹ್ ಜಿಲ್ಲೆಯ 14 ಗ್ರಾಮಗಳಲ್ಲಿ ಒಟ್ಟಿಗೆ ಶೋಧ ನಡೆಸಿದರು. ಪಕ್ಕದ ಬಡಾವಣೆಯವನಂತೆ ಮಾತನಾಡುವವನು ಸಾವಿರ ಮೈಲಿಯಾಚೆ ಇರಬಹುದು.

ಹಣ ಕಡೆಯಲ್ಲಿ

ಮುಂಗಡವಾಗಿ ಐನೂರು ರೂಪಾಯಿ ಕಳಿಸಿದವನಿಗೆ ಮರುದಿನ ಸಾಗಣೆ ಖರ್ಚಿನ ಕರೆ. ಅದು ಸಂದ ಮೇಲೆ ತೆರಿಗೆ. ಬೇಡವೆಂದರೆ, ಹಣ ಹಿಂತಿರುಗಿಸಲೂ ಒಂದು ಶುಲ್ಕ. ಕೊಟ್ಟದ್ದನ್ನು ಉಳಿಸಿಕೊಳ್ಳಲು ಮತ್ತೆ ಕೊಡುತ್ತ ಹೋಗುವುದು ಮನುಷ್ಯಸ್ವಭಾವ. ಮೊದಲ ಕಂತಿನಲ್ಲೇ ನಿಂತವನೇ ಜಾಣ. ಮಾರುವವರಿಗೂ ಬಲೆಯುಂಟು. ಹಣ ಕಳಿಸುತ್ತೇನೆ, ಈ ಕ್ಯೂಆರ್ ಚಿತ್ರವನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎನ್ನುತ್ತಾನೆ ಕೊಳ್ಳಲು ಬಂದಾತ. 2016ರಲ್ಲಿ ಆರಂಭವಾದ ಯುಪಿಐ ವ್ಯವಸ್ಥೆಯಲ್ಲಿ ಹಣ ಪಡೆಯುವವನಿಗೆ ಪಿನ್ ಎಂದೂ ಬೇಕಾಗಿಲ್ಲ. ಒತ್ತಿದರೆ ಹಣ ಹೋಗುವುದೇ ಹೊರತು ಬರುವುದಿಲ್ಲ.

ಆದುದರಿಂದ ಹೊಸ ಬೀದಿಗೂ ಹಳೆಯ ಬೀದಿಯ ಪದ್ಧತಿಯೇ ಸರಿ. ಹಗಲಿನಲ್ಲಿ, ನಾಲ್ಕು ಜನರಿರುವೆಡೆ, ವಿದ್ಯುತ್ತು ದೊರೆಯುವ ಸ್ಥಳದಲ್ಲಿ ಯಂತ್ರವನ್ನು ಓಡಿಸಿ ನೋಡಿ, ಬಳಿಕ ಹಣ ಕೊಡಬೇಕು. ಕೊಂಡ ಚೀಟಿಯನ್ನೋ ಯಂತ್ರದ ಕ್ರಮಸಂಖ್ಯೆಯನ್ನೋ ಕೇಳುವುದರಲ್ಲಿ ಸಂಕೋಚ ಬೇಡ. ಕಳವಿನ ಮಾಲೆಂದು ತಿಳಿದೂ ಕೊಳ್ಳುವುದು ಅಪರಾಧ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು. ಪ್ರತ್ಯಕ್ಷವೇ ಕಾಣದ ವಸ್ತುವಿನ ವಿಷಯದಲ್ಲಿ ಹೇಳಬೇಕಾದುದೇನು?

ಇಷ್ಟಾಗಿಯೂ ಹಣ ಕೈಬಿಟ್ಟಿದ್ದರೆ ನಾಚಿಕೆಯಿಂದ ಮನೆಯಲ್ಲಿ ಮುಚ್ಚಿಡುವುದು ಎರಡನೆಯ ನಷ್ಟ. ಕೂಡಲೇ 1930ಕ್ಕೆ ಕರೆಮಾಡಿ, ಬ್ಯಾಂಕಿಗೂ ತಿಳಿಸಬೇಕು. ವಂಚಕನು ಹಣವನ್ನು ಬೇರೆ ಖಾತೆಗಳಿಗೆ ದಾಟಿಸುವ ಮುನ್ನ ದೂರು ತಲಪಿದರೆ ಅದನ್ನು ತಡೆಹಿಡಿಯುವ ಸಾಧ್ಯತೆಯುಂಟು. ತಡವಾದಷ್ಟೂ ಆಸೆ ಕಡಿಮೆ. ಆ ಮೂರು ಸಾವಿರ ಕೆಲವರಿಗೆ ಒಂದು ಸಂಜೆಯ ಖರ್ಚಿರಬಹುದು; ಯಂತ್ರ ಬಂದ ಮೇಲೆ ಕೆಲಸ, ಕೆಲಸ ಬಂದ ಮೇಲೆ ಮನೆಬಾಡಿಗೆ ಎಂದು ಲೆಕ್ಕ ಹಾಕಿಕೊಂಡಿದ್ದ ತರುಣನಿಗೆ ಅದು ಒಂದು ತಿಂಗಳ ಬದುಕು.