ಸೈಕಲ್ಲಿಗೂ ಒಂದು ತಾಲ್ಲೂಕು

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಆಸುಪಾಸಿನಲ್ಲಿ ನಿಲ್ಲಿಸಿದ ಸೈಕಲ್ಲುಗಳನ್ನು ನೋಡುತ್ತ ಹೋದರೆ, ಯಾವುದು ಯಾವ ದಿಕ್ಕಿನಿಂದ ಬಂದದ್ದೆಂದು ಮಾಲೀಕನ ಮುಖ ನೋಡದೆಯೇ ಹೇಳಬಹುದು. ಮಡ್‌ಗಾರ್ಡಿನ ಒಳಮೈಗೆ ಅಂಟುಮಣ್ಣು ಒಣಗಿ ಹೆಂಟೆಯಾಗಿ ಕೂತಿದೆಯೆ? ಚೈನಿನ ಮೇಲೆ ತುಕ್ಕು ಆಡಿದೆಯೆ? ಅದು ಯಳಂದೂರು ಕಡೆಯ ಗದ್ದೆಬಯಲಿನದು. ಹಬ್ಬಿನ ಸುತ್ತ ಒಸರಿದ ಎಣ್ಣೆಗೆ ಕೆಮ್ಮಣ್ಣಿನ ಧೂಳು ಮೆತ್ತಿ, ಬಿಸಿಲಿಗೆ ಟೈರಿನ ಪಕ್ಕೆ ಬಿರಿದಿದ್ದರೆ ಹನೂರಿನದು. ಇವೆರಡೂ ಇಲ್ಲದೆ ಬ್ರೇಕ್ ರಬ್ಬರ್ ಪೂರ್ತಿ ಸವೆದು, ರಿಮ್ಮು ಒಂದೆರಡು ಕಡೆ ಸೊಟ್ಟಗಾಗಿದ್ದರೆ ಅನುಮಾನವೇ ಬೇಡ, ಕೊಳ್ಳೇಗಾಲದ ಪೇಟೆಯದೇ. ಸೈಕಲ್ ರಿಪೇರಿ ಯಂತ್ರದ ವಿದ್ಯೆ ಎಂದು ಎಲ್ಲರೂ ತಿಳಿದಿದ್ದಾರೆ. ಮನೆಯ ಜಗಲಿಯಲ್ಲಿ ಅದನ್ನು ಮಾಡುತ್ತ ಬಂದ ನನಗೆ ಅದು ಮುಕ್ಕಾಲು ಪಾಲು ನೆಲದ ವಿದ್ಯೆಯಾಗಿ ಕಂಡಿದೆ.

ನಮ್ಮ ನೆಲವಾದರೂ ಒಂದೇ ಬಗೆಯದಲ್ಲ. ಕೊಳ್ಳೇಗಾಲದಿಂದ ಯಳಂದೂರಿಗೆ ಹದಿನೈದು ಕಿಲೋಮೀಟರಿನಷ್ಟು ದಾರಿ, ಹನೂರಿಗೆ ಇಪ್ಪತ್ತೈದರ ಹತ್ತಿರ. ಒಂದು ಕಡೆ ಸುವರ್ಣಾವತಿ ಹೊಳೆಯ ನೀರುಂಡ ಬಯಲು. ಇನ್ನೊಂದು ಕಡೆ ಮಹದೇಶ್ವರ ಬೆಟ್ಟದ ದಿಕ್ಕಿಗೆ ಏರುತ್ತ ಹೋಗುವ ಮಳೆಯಾಧಾರದ ಹೊಲ, ಬಂಡೆ, ಕುರುಚಲು. ಆಡಳಿತದಲ್ಲೂ ಇವು ಒಂದೇ ಮನೆಯವಲ್ಲ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಯಳಂದೂರು ಮೈಸೂರಿನದಾಗಿತ್ತು. ಯಳಂದೂರಿನಿಂದ ಕೊಳ್ಳೇಗಾಲದ ಸಂತೆಗೆ ಪೆಡಲ್ ತುಳಿದು ಬಂದವನು ಬೆವರು ಒರೆಸಿಕೊಳ್ಳುವಷ್ಟರಲ್ಲಿ ರಾಜ್ಯ ದಾಟಿರುತ್ತಿದ್ದ. 1997ರಲ್ಲಿ ಇವೆಲ್ಲ ಹೊಸ ಚಾಮರಾಜನಗರ ಜಿಲ್ಲೆಗೆ ಸೇರಿದವು. ಹನೂರು ತಾಲ್ಲೂಕಾದದ್ದು ತೀರಾ ಈಚೆಗೆ. ಸೈಕಲ್ಲು ಮಾತ್ರ ಮೂರು ಕಡೆಯೂ ಒಂದೇ: ಸೋನಿಪತ್ತಿನ ಅಟ್ಲಾಸ್, ಲೂಧಿಯಾನದ ಹೀರೋ, ಮದ್ರಾಸಿನ ಅಂಬತ್ತೂರಿನಿಂದ ಬಂದ ಹರ್ಕ್ಯುಲಿಸ್. ಒಂದೇ ಅಳತೆಯ, ಒಂದೇ ಕರಿ ಬಣ್ಣದ, ಒಂದೇ ರಾಡ್ ಬ್ರೇಕಿನ ಗಾಡಿ. ಕಂಪನಿ ಒಂದೇ ಗಾಡಿ ಕೊಟ್ಟಿತು. ನೆಲ ಅದಕ್ಕೆ ಮೂರು ಬಗೆಯ ಕಾಯಿಲೆ ಕೊಟ್ಟಿತು.

ಹನೂರು ದಾರಿಯ ಕಾಯಿಲೆ ಮುಳ್ಳು. ಬಳ್ಳಾರಿ ಜಾಲಿಯ ಮುಳ್ಳು ಕಣ್ಣಿಗೆ ಕಾಣುತ್ತದೆ, ಎತ್ತಿನ ಲಾಳದಿಂದ ಕಳಚಿಬಿದ್ದ ಮೊಳೆಯೂ ಕಾಣುತ್ತದೆ. ಕಾಣದ್ದು ನೆಗ್ಗಿಲು. ನೆಲಕ್ಕೆ ಅಂಟಿಕೊಂಡು ಹಬ್ಬುವ ಬಳ್ಳಿ, ಹಳದಿಯ ಪುಟ್ಟ ಹೂವು, ನೋಡಲು ಬಲು ಸಾಧು. ಅದರ ಕಾಯಿ ಒಣಗಿ ಹೋಳಾಗಿ ಚೆಲ್ಲಿದರೆ ಹೇಗೆ ಬಿದ್ದರೂ ಒಂದು ಮುಳ್ಳು ಆಕಾಶ ನೋಡುತ್ತಲೇ ಇರುತ್ತದೆ. ಇದು ಹೊಕ್ಕರೆ ಗಾಳಿ ಒಮ್ಮೆಗೇ ಹೋಗುವುದಿಲ್ಲ. ರಾತ್ರಿ ಗಟ್ಟಿಯಾಗಿದ್ದ ಟೈರು ಬೆಳಿಗ್ಗೆ ಮೆತ್ತಗಾಗಿರುತ್ತದೆ. ವಾಲ್ ಟ್ಯೂಬಿನ ಮೇಲೆ ಅನುಮಾನಪಟ್ಟು ಅದನ್ನು ಬದಲಿಸುತ್ತೇವೆ. ಮರುದಿನ ಮತ್ತೆ ಅದೇ ಕತೆ.

ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ, ಗುಳ್ಳೆ ಏಳುವ ಜಾಗಕ್ಕೆ ಗುರುತು ಹಾಕಿ, ಉಪ್ಪುಕಾಗದ ಉಜ್ಜಿ, ಸೊಲ್ಯೂಷನ್ ಬಳಿದು, ಅದು ಒಣಗಿ ಬೆರಳಿಗೆ ಅಂಟದಂತಾದ ಮೇಲೆ ತೇಪೆ ಒತ್ತುವುದು ಎಲ್ಲರಿಗೂ ಗೊತ್ತು. ಕೈಚಳಕ ಇರುವುದು ಅದರ ನಂತರ. ಮುಳ್ಳಿನ ಮುರಿದ ತುದಿ ಟೈರಿನೊಳಗೇ ಇರುತ್ತದೆ. ಬೆರಳಾಡಿಸಿದರೆ ಬೆರಳಿಗೆ ಚುಚ್ಚುತ್ತದೆಯೇ ಹೊರತು ಅಷ್ಟು ಸಣ್ಣ ತುದಿ ಕೈಗೆ ಸಿಗುವುದಿಲ್ಲ. ಅದಕ್ಕೆ ನಮ್ಮ ಮನೆಯಲ್ಲಿ ಹಳೆಯ ರೇಷ್ಮೆ ಸೀರೆಯ ಚೂರೊಂದಿದೆ. ಅದನ್ನು ಟೈರಿನ ಒಳಸುತ್ತಿಗೆ ಮೆಲ್ಲಗೆ ಎಳೆಯುತ್ತ ಹೋದರೆ ಎಲ್ಲೋ ಒಂದು ಕಡೆ ಎಳೆ ಸಿಕ್ಕಿಕೊಂಡು ನಿಲ್ಲುತ್ತದೆ. ಅಲ್ಲಿ ಚಿಮಟ ಹಾಕಿದರೆ ಸಾಸಿವೆಯಷ್ಟೂ ಇಲ್ಲದ ಕಂದು ತುದಿ ಹೊರಬರುತ್ತದೆ. ಹತ್ತಿ ಬಟ್ಟೆಯಾದರೂ ನಡೆಯುತ್ತದೆ. ಆದರೆ ರೇಷ್ಮೆಯ ಊರಿನಲ್ಲಿ ಕೂತು ಹತ್ತಿಯಲ್ಲಿ ಮುಳ್ಳು ಹುಡುಕುವುದು ನಮ್ಮ ಅಂತಸ್ತಿಗೆ ಕಡಿಮೆ.

ಯಳಂದೂರು ಕಡೆಯ ಕಾಯಿಲೆ ನೀರು. ರಾಡ್ ಬ್ರೇಕಿನ ಸೈಕಲ್ಲಿಗಿರುವುದು ಉಕ್ಕಿನ ರಿಮ್ಮು, ಮೇಲೆ ಹೊಳೆಯುವ ಕ್ರೋಮು. ಒಣಗಿದ್ದಾಗ ಬ್ರೇಕು ಹಿಡಿಯುತ್ತದೆ. ಒದ್ದೆಯಾದರೆ ರಬ್ಬರು ಜಾರುತ್ತದೆ. ಮಳೆಯಲ್ಲಿ ಗದ್ದೆ ಏರಿಯ ಮೇಲೆ ಎದುರಿಗೆ ಎಮ್ಮೆ ಬಂದರೆ ಅನುಭವಸ್ಥ ಮೊದಲು ಚಪ್ಪಲಿಯನ್ನು ನೆಲಕ್ಕೆ ಒತ್ತುತ್ತಾನೆ, ಆಮೇಲೆ ಬ್ರೇಕು ಒತ್ತುತ್ತಾನೆ. ಎಮ್ಮೆಯೂ ಇದನ್ನು ಬಲ್ಲದು. ನಿಧಾನವಾಗಿ ಪಕ್ಕಕ್ಕೆ ಸರಿಯುತ್ತದೆ.

ಚೈನಿಗೆ ಎಣ್ಣೆ ಬಿಡುವ ಕ್ರಮವೂ ದಾರಿಯಿಂದ ದಾರಿಗೆ ಬೇರೆ. ಗದ್ದೆಬಯಲಿನಲ್ಲಿ ಎಣ್ಣೆ ತುಸು ಧಾರಾಳವಾಗಿರಬೇಕು, ಇಲ್ಲದಿದ್ದರೆ ನಾಲ್ಕು ದಿನದಲ್ಲಿ ತುಕ್ಕು. ಹನೂರಿನ ಧೂಳಿನಲ್ಲಿ ಅಷ್ಟೇ ಧಾರಾಳಿಯಾದರೆ ಎಣ್ಣೆ ಮತ್ತು ಮಣ್ಣು ಸೇರಿ ಸಾಣೆ ಹಿಡಿಯುವ ಪುಡಿಯಾಗಿ ಚೈನನ್ನೇ ತಿನ್ನುತ್ತದೆ. ಅಲ್ಲಿ ಕೊಂಡಿಗೊಂದು ಹನಿ ಬಿಟ್ಟು, ಪೆಡಲ್ ತಿರುಗಿಸಿ, ಹೊರಗಿನದನ್ನೆಲ್ಲ ಬಟ್ಟೆಯಲ್ಲಿ ಒರೆಸಿಬಿಡಬೇಕು. ಅಡುಗೆಮನೆಯ ಎಣ್ಣೆ ಎರಡೂ ಕಡೆ ಬೇಡ. ಅದು ಕೆಲವೇ ದಿನದಲ್ಲಿ ಜಿಡ್ಡುಗಟ್ಟಿ ಅಂಟಾಗುತ್ತದೆ, ಮನೆಯವರ ಬಾಯಿಗೂ ಆಹಾರವಾಗುತ್ತದೆ. ಚೈನು ಸವೆದಿದೆಯೇ ಎಂದು ತಿಳಿಯಲು ಮಕ್ಕಳ ಸ್ಕೇಲೊಂದು ಸಾಕು. ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು. 24 ಕೊಂಡಿಗೆ ಸರಿಯಾಗಿ 12 ಇಂಚು. ಅದು ಇಂಚಿನ ಎಂಟನೇ ಒಂದು ಭಾಗದಷ್ಟು ಹೆಚ್ಚಿದ್ದರೆ ಚೈನಿನ ಆಯಸ್ಸು ಮುಗಿಯಿತು. ಮುಗಿದದ್ದನ್ನು ಇನ್ನೂ ಎಳೆಸುತ್ತಿದ್ದರೆ ಫ್ರೀವೀಲಿನ ಹಲ್ಲೂ ಅದರ ಜೊತೆ ಹೋಗುತ್ತದೆ.

ವರ್ಷಕ್ಕೊಮ್ಮೆ ಓವರಾಯಿಲಿಂಗ್. ಹಿಂದಿನ ಹಬ್ಬಿನಲ್ಲಿ ಪಕ್ಕಕ್ಕೆ ಒಂಬತ್ತರಂತೆ ಕಾಲಿಂಚಿನ ಗುಂಡು 18. ಮುಂದಿನದರಲ್ಲಿ ಇನ್ನೂ ಸಣ್ಣವು, ಪಕ್ಕಕ್ಕೆ ಹತ್ತು. ಅವನ್ನು ತಟ್ಟೆಗೆ ಸುರಿದು ಸೀಮೆಎಣ್ಣೆಯಲ್ಲಿ ತೊಳೆದು, ಬೆಳಕಿಗೆ ಹಿಡಿದು, ಮಂಕಾದವನ್ನು ಬೇರೆ ಮಾಡಬೇಕು. ಒಂದೆರಡು ಮಾತ್ರ ಹೊಸವು ಹಾಕಿದರೆ ಹೊಸ ಗುಂಡೇ ಭಾರವೆಲ್ಲ ಹೊತ್ತು ಬೇಗ ಒಡೆಯುತ್ತದೆ. ಬದಲಿಸಿದರೆ ಎಲ್ಲವನ್ನೂ ಬದಲಿಸಬೇಕು. ಕೊನೆಗೆ ಕೋನ್ ಬಿಗಿಯುವಾಗ ತೀರಾ ಬಿಗಿದರೆ ಚಕ್ರ ಕೊರಗುತ್ತದೆ, ಸಡಿಲ ಬಿಟ್ಟರೆ ಅಲ್ಲಾಡುತ್ತದೆ. ಚಕ್ರವನ್ನು ಎತ್ತಿ ಹಿಡಿದು ಬಿಟ್ಟರೆ ವಾಲಿನ ಭಾರಕ್ಕೇ ಮೆಲ್ಲಗೆ ತಿರುಗಿ, ವಾಲು ಕೆಳಗೆ ಬಂದು, ಎರಡು ಬಾರಿ ತೂಗಿ ನಿಲ್ಲಬೇಕು. ನಮ್ಮ ಬೀದಿಯ ಸೈಕಲ್ ಶಾಪಿನ ಹಿರಿಯರು ಇದನ್ನು ನೋಡಿಯೇ ಪಾಸು ಫೇಲು ಮಾಡುವುದು. “ಇನ್ನೊಂದೇ ಎಳೆ ಸಡ್ಲ ಬುಡಿ ಮೇಷ್ಟ್ರೇ, ಚಕ್ರ ಉಸ್ರಾಡ್ಲಿ” ಎನ್ನುತ್ತಾರೆ. ಆ ಒಂದೆಳೆಯ ಲೆಕ್ಕ ಯಾವ ಸ್ಪ್ಯಾನರಿನ ಮೇಲೂ ಬರೆದಿಲ್ಲ.

ಇನ್ನು ಸುಧಾರಣೆಯ ವಿಷಯ. ಪಟ್ಟಣದವರು ಸೈಕಲ್ಲಿಗೆ ಹೊಸ ಪಾರ್ಟು ಹಾಕಿಸುವುದು ವೇಗಕ್ಕೆ. ನಮ್ಮ ಕಡೆ ಹಾಕಿಸಿದ್ದು ಹೊರೆಗೆ. ಹಾಲಿನವರು ಕ್ಯಾರಿಯರಿನ ಎರಡು ಮಗ್ಗುಲಿಗೆ ಕೊಕ್ಕೆ ಬೆಸುಗೆ ಹಾಕಿಸಿ ಕ್ಯಾನು ತೂಗುಬಿಟ್ಟರು. ಹಿಪ್ಪುನೇರಳೆ ಸೊಪ್ಪಿನ ಹೊರೆಯವರು ಮುಂದಿನ ಫೋರ್ಕಿಗೆ ಆಸರೆ ಸರಳು ಕೊಡಿಸಿದರು. ರೇಷ್ಮೆಗೂಡು ಒಯ್ಯುವವರ ಕಷ್ಟ ಬೇರೆ. ಗೂಡಿಗೆ ತೂಕವಿಲ್ಲ, ಗಾತ್ರವಿದೆ. ಅದುಮುವಂತಿಲ್ಲ, ಅದುಮಿದರೆ ಹುಳು ನಜ್ಜಾಗಿ ನೂಲು ಕೆಡುತ್ತದೆ. ಆದ್ದರಿಂದ ಅವರಿಗೆ ಬೇಕಾದದ್ದು ಗಟ್ಟಿ ಕ್ಯಾರಿಯರಲ್ಲ, ಅಗಲದ ಕ್ಯಾರಿಯರು. ಮಧುವನಹಳ್ಳಿಯ ದಾರಿಯಲ್ಲಿ ಎದುರುಗಾಳಿ ಬಂದರೆ ಸವಾರ ಎಷ್ಟು ತುಳಿದರೂ ಗೂಡಿನ ಮೂಟೆ ಗಾಳಿಯ ಮಾತನ್ನೇ ಕೇಳುತ್ತದೆ.

ವೇಗಕ್ಕಲ್ಲ, ಏರಿಗೆ ಒಂದು ಅಗ್ಗದ ಸುಧಾರಣೆ ಇದೆ. ಕರಿ ಸೈಕಲ್ಲಿನ ಪೆಡಲಿನ ಹಲ್ಲುಚಕ್ರಕ್ಕೆ ಸಾಮಾನ್ಯವಾಗಿ 44 ಹಲ್ಲು, ಫ್ರೀವೀಲಿಗೆ 18. ಪೆಡಲ್ ಒಂದು ಸುತ್ತು ತಿರುಗಿದರೆ ಗಾಡಿ ಸುಮಾರು 5.4 ಮೀಟರ್ ಹೋಗುತ್ತದೆ. ಫ್ರೀವೀಲನ್ನು 22 ಹಲ್ಲಿನದಕ್ಕೆ ಬದಲಿಸಿದರೆ ಅದು 4.4 ಮೀಟರಿಗೆ ಇಳಿಯುತ್ತದೆ. ಸಪಾಟಿನಲ್ಲಿ ಕಾಲು ಬೇಗ ಬೇಗ ಆಡಬೇಕು, ಆದರೆ ಕಾಮಗೆರೆ ದಾಟಿ ಹನೂರಿಗೆ ಹೋಗುವಾಗ ಏರಿನಲ್ಲಿ ಇಳಿದು ತಳ್ಳುವುದು ತಪ್ಪುತ್ತದೆ. ಚೈನಿಗೆ ಕೊಂಡಿ ಸೇರಿಸಿದರೆ ಕೆಲಸ ಮುಗಿಯಿತು. ಅಂಗಡಿಯಲ್ಲಿ ಯಾರೂ ಇದನ್ನು ಹೊಗಳಿ ಮಾರುವುದಿಲ್ಲ, ಏಕೆಂದರೆ ಇದು ಹೊಳೆಯುವುದಿಲ್ಲ.

ಹೊಳೆಯುವ ಸುಧಾರಣೆಗೆ ಕೈಹಾಕಿದರೆ ಲಂಗೋಟಿಯ ಸನ್ಯಾಸಿಯ ಕತೆಯೇ. ಇಲಿ ಲಂಗೋಟಿ ಕಡಿಯಿತೆಂದು ಬೆಕ್ಕು ಸಾಕಿ, ಬೆಕ್ಕಿನ ಹಾಲಿಗೆ ಹಸು ಕಟ್ಟಿ, ಹಸು ಮೇಯಿಸಲು ಸಂಸಾರ ಹೂಡಿದನಲ್ಲ, ಹಾಗೆ. ಮಳೆಯಲ್ಲಿ ಬ್ರೇಕು ಹಿಡಿಯಲೆಂದು ಅಲ್ಯೂಮಿನಿಯಂ ರಿಮ್ಮು ಹಾಕಿಸೋಣವೆನ್ನುತ್ತೇವೆ. ಯೋಚನೆ ಸರಿಯಾದದ್ದೇ; ಒದ್ದೆಯಲ್ಲಿ ಅದು ಉಕ್ಕಿಗಿಂತ ಎಷ್ಟೋ ವಾಸಿ. ಆದರೆ ರಾಡ್ ಬ್ರೇಕು ರಿಮ್ಮಿನ ಒಳಮೈಗೆ ಒತ್ತುವಂಥದ್ದು, ಹೊಸ ರಿಮ್ಮಿಗೆ ಒತ್ತಬೇಕಾದದ್ದು ಪಕ್ಕೆಗೆ. ಆದ್ದರಿಂದ ಬ್ರೇಕು ಬದಲಾಗಬೇಕು. ಬ್ರೇಕಿನ ಹಿಡಿ ಹ್ಯಾಂಡಲಿಗೇ ಕೂಡಿಕೊಂಡಿದೆ, ಆದ್ದರಿಂದ ಹ್ಯಾಂಡಲು. ಹಳೆಯ ಹಿಂದಿನ ಹಬ್ಬಿಗೆ 40 ಕಡ್ಡಿ, ಹೊಸ ರಿಮ್ಮಿಗೆ 36 ತೂತು, ಆದ್ದರಿಂದ ಹಬ್ಬು. ಹೊಸ ರಿಮ್ಮಿನ ಸುತ್ತಳತೆ ಬೇರೆಯಾದರೆ ಟೈರು, ಟ್ಯೂಬು. ಕೊನೆಗೆ ಹಳೆಯ ಸೈಕಲ್ಲಿನದೆಂದು ಉಳಿಯುವುದು ಫ್ರೇಮು ಮತ್ತು ಬೆಲ್ಲು. ಇಷ್ಟಾದ ಮೇಲೂ ಯಳಂದೂರಿನ ಗದ್ದೆದಾರಿಯವನಿಗೆ ಈ ಖರ್ಚು ದಂಡವಲ್ಲ. ಹನೂರಿನ ಒಣದಾರಿಯವನಿಗೆ ಪೂರ್ತಿ ದಂಡ. ಅವನು ಅದರ ಹತ್ತರಲ್ಲೊಂದು ಪಾಲು ಹಣಕ್ಕೆ ಟೈರು ಮತ್ತು ಟ್ಯೂಬಿನ ನಡುವೆ ದಪ್ಪನೆಯ ಪಟ್ಟಿ ಹಾಕಿಸಿಕೊಂಡರೆ ಸುಖವಾಗಿರುತ್ತಾನೆ.

ಗೇರಿನ ಸೈಕಲ್ಲು ಬಂದ ಮೇಲೆ ನೆಲ ಇನ್ನೊಂದು ಪರೀಕ್ಷೆ ಒಡ್ಡಿತು. ಸುಗ್ಗಿಯಲ್ಲಿ ನಮ್ಮ ರೈತರು ಹುರುಳಿಯನ್ನೂ ರಾಗಿಯನ್ನೂ ಟಾರು ರಸ್ತೆಯ ಮೇಲೆ ಹರಡುತ್ತಾರೆ. ಬಸ್ಸು ಲಾರಿಗಳು ಪುಕ್ಕಟೆಯಾಗಿ ಒಕ್ಕಣೆ ಮಾಡಿಕೊಡುತ್ತವೆ. ಕರಿ ಸೈಕಲ್ಲು ಅದರ ಮೇಲೆ ಹೋದರೆ ಫ್ರೀವೀಲಿಗೆ ನಾಲ್ಕು ಬಳ್ಳಿ ಸುತ್ತಿಕೊಳ್ಳುತ್ತದೆ, ಕೈಯಲ್ಲಿ ಬಿಡಿಸಿ ಮುಂದೆ ಹೋಗಬಹುದು. ಗೇರಿನ ಸೈಕಲ್ಲಿನಲ್ಲಿ ಚೈನನ್ನು ಅತ್ತಿತ್ತ ಸರಿಸುವ ತೋಳು ಕೆಳಗೆ ಜೋತುಬಿದ್ದಿರುತ್ತದೆ. ಬಳ್ಳಿ ಅದಕ್ಕೆ ಸುತ್ತಿ ಸಿಕ್ಕಿಕೊಂಡಾಗ ಸವಾರ ಇನ್ನೂ ಜೋರಾಗಿ ತುಳಿದನೋ, ತೋಳು ಬಾಗಿ ಕಡ್ಡಿಗಳ ನಡುವೆ ಹೊಕ್ಕುತ್ತದೆ. ಜಪಾನಿನಲ್ಲಿ 1921ರಲ್ಲಿ ಶುರುವಾದ ಶಿಮಾನೋ ಕಂಪನಿ ಜಗತ್ತಿನ ಬೆಟ್ಟಗಳನ್ನೆಲ್ಲ ಲೆಕ್ಕಕ್ಕೆ ಹಿಡಿದಿರಬಹುದು. ಹುರುಳಿ ಒಕ್ಕಣೆಯನ್ನು ಹಿಡಿದಂತಿಲ್ಲ. ಸುಗ್ಗಿಯಲ್ಲಿ ಆ ಜಾಗಕ್ಕೆ ಬಂದಾಗ ಇಳಿದು, ಸೈಕಲ್ಲನ್ನು ಎತ್ತಿಕೊಂಡು ದಾಟುವುದೊಂದೇ ಉಪಾಯ. ಕಣದ ಹೆಂಗಸರು ನಗುತ್ತಾರೆ, ನಗಲಿ.

ಪಾರ್ಟುಗಳ ವಿಷಯದಲ್ಲೂ ಹಳೆಯದಕ್ಕೊಂದು ಅನುಕೂಲ. ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಬಾಗಿಲು ಹಾಕಿತು. ಹಾಗೆಂದು ಇಲ್ಲಿನ ಅಟ್ಲಾಸ್‌ಗಳು ಅನಾಥವಾಗಲಿಲ್ಲ. ಹೀರೋದ ಕಾಟರ್ ಪಿನ್ನು ಅದಕ್ಕೂ ಕೂರುತ್ತದೆ. ಹೊಸ ಮಾದರಿಯದಕ್ಕಾದರೆ ಪ್ರತಿಯೊಂದಕ್ಕೂ ಒಂದು ನಂಬರು, ಆ ನಂಬರಿನದು ಊರಿನಲ್ಲಿ ಇರುವುದಿಲ್ಲ. ಮಂಟೇಸ್ವಾಮಿಯ ಕಥೆಯಲ್ಲಿ ಹಲಗೂರಿನ ಪಾಂಚಾಳರಿಂದ ಕಬ್ಬಿಣದ ಭಿಕ್ಷೆ ತರಲು ಹೊರಟ ಸಿದ್ದಪ್ಪಾಜಿ ಏನೆಲ್ಲ ಪರೀಕ್ಷೆ ಎದುರಿಸಬೇಕಾಯಿತು ಎಂಬುದನ್ನು ಚಿಕ್ಕಲ್ಲೂರು ಜಾತ್ರೆಯ ನೀಲಗಾರರು ರಾತ್ರಿಯಿಡೀ ಹಾಡುತ್ತಾರೆ. ಏಳು ಗೇರಿನ ಫ್ರೀವೀಲು ಹುಡುಕಿಕೊಂಡು ಮೈಸೂರು ಸುತ್ತಿದ ಹುಡುಗರಿಗೆ ಆ ಭಾಗ ಬೇಗ ಅರ್ಥವಾಗುತ್ತದೆ.

ಈ ವಿದ್ಯೆ ಗಂಡಸರ ಜಗಲಿಯಿಂದ ಇಳಿದದ್ದು ಶಾಲೆಯ ಸೈಕಲ್ಲಿನಿಂದ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಶುರುಮಾಡಿತು. ಅದಕ್ಕೂ ಮೊದಲು ಹಳ್ಳಿಯ ಹುಡುಗಿಗೆ ಚೈನು ಬಿದ್ದರೆ ಅಣ್ಣನೋ ದಾರಿಹೋಕನೋ ಬರಬೇಕಿತ್ತು. ಗುಂಪಾಗಿ ಶಾಲೆಗೆ ಹೋಗುವ ಹುಡುಗಿಯರು ಒಂದು ಕಡ್ಡಿ ಹುಡುಕಿ, ಅದರಿಂದ ಚೈನನ್ನು ಎತ್ತಿ ಕೆಳಗಿನ ಹಲ್ಲಿಗೆ ಕೂರಿಸಿ, ಪೆಡಲನ್ನು ಹಿಂದಕ್ಕೆ ತಿರುವಿ, ಯೂನಿಫಾರ್ಮಿಗೆ ಒಂದು ಚುಕ್ಕೆ ಮಸಿ ತಾಗಿಸಿಕೊಳ್ಳದೆ ಹೊರಡುವುದನ್ನು ನೋಡಿದ್ದೇನೆ. ಹೊಸ ಸೈಕಲ್ಲು ಮನೆಗೆ ಬಂದ ಮೊದಲ ತಿಂಗಳು ಕಡ್ಡಿ, ಕಾಟರ್ ಪಿನ್ನು, ಸೀಟಿನ ನಟ್ಟು ಎಲ್ಲವೂ ಕೂತು ಸಡಿಲಗೊಳ್ಳುತ್ತವೆ. ಒಮ್ಮೆ ಬಿಗಿದರೆ ವರ್ಷಗಟ್ಟಲೆ ನೆಮ್ಮದಿ. ಎಡಗಡೆಯ ಪೆಡಲಿನ ಮರೆ ಉಲ್ಟಾ ಎಂಬುದೊಂದು ನೆನಪಿದ್ದರೆ ಉಳಿದದ್ದನ್ನೆಲ್ಲ ಕೈ ತಾನೇ ಕಲಿಯುತ್ತದೆ.

ಮೊನ್ನೆ ಬೆಂಗಳೂರಿನಿಂದ ಅಣ್ಣನ ಮಗ ಫೋನು ಮಾಡಿದ. ಹೊಸ ಸೈಕಲ್ ಕೊಂಡಿದ್ದಾನಂತೆ. ಡಿಸ್ಕ್ ಬ್ರೇಕು, ಹಗುರದ ಹ್ಯಾಂಡಲು, ಯಾವುದನ್ನು ಮೊದಲು ಹಾಕಿಸಲಿ ಎಂದು ಕೇಳಿದ. ಎಲ್ಲಿ ಓಡಿಸುತ್ತೀಯ ಎಂದೆ. ಅದನ್ನು ಇನ್ನೂ ಯೋಚಿಸಿಲ್ಲ ಎಂದ. ಪ್ರತಿ ಪಾರ್ಟಿನ ತೂಕ ಮಾತ್ರ ಗ್ರಾಮಿನ ಲೆಕ್ಕದಲ್ಲಿ ಬಾಯಿಪಾಠವಾಗಿತ್ತು.

“ಒಂದು ಮಳೆಗಾಲ, ಒಂದು ಬೇಸಿಗೆ ಹಾಗೇ ಓಡಿಸು ಮಗ. ಯಾವುದು ಕಿರುಗುಟ್ಟುತ್ತೋ ಅದನ್ನ ಬದಲಾಯಿಸು. ಸುಮ್ಮನಿರೋದನ್ನ ಸುಮ್ಮನೆ ಬಿಡು. ರಜಕ್ಕೆ ಬಂದಾಗ ಹನೂರಿಗೆ ಒಂದು ಸವಾರಿ ಹೋಗಿಬರೋಣ.”

“ಅಷ್ಟೊತ್ತಿಗೆ ಹೊಸ ಮಾಡೆಲ್ ಬಂದಿರುತ್ತೆ ಚಿಕ್ಕಪ್ಪ.”

“ಬರಲಿ ಬಿಡು. ನೆಗ್ಗಿಲು ಹಳೇ ಮಾಡೆಲ್ಲೇ.”