ಹೆಣ್ಣುದನಿಯ ಫಕೀರರು

ಸಿಂಧ್ ಪ್ರಾಂತದ ಭಿಟ್ ಶಾಹದಲ್ಲಿ ಸೂಫಿ ಕವಿ ಶಾಹ ಅಬ್ದುಲ್ ಲತೀಫರ (1689–1752) ಸಮಾಧಿಯಿದೆ. ಅದರ ಸನ್ನಿಧಿಯಲ್ಲಿ ಫಕೀರರು ಐದು ತಂತಿಗಳ ದಂಬೂರೊ ಮೀಟುತ್ತ ರಾತ್ರಿಯ ಹೊತ್ತು ಅವರ ಪದಗಳನ್ನು ಹಾಡುತ್ತಾರೆ. ಆ ಗಾಯನದ ಧ್ವನಿಮುದ್ರಿಕೆಯನ್ನು ಮೊದಲ ಸಲ ಕೇಳಿದಾಗ ನಾನು ನಕ್ಕುಬಿಟ್ಟೆ. ಗಂಡಸರು ಹೆಣ್ಣಿನಂತೆ ಕೀರಲುದನಿ ತೆಗೆಯುವುದೇ!

ಕಾರಣವನ್ನರಿತ ಮೇಲೆ ನಾಚಿದೆನು. ಲತೀಫರ ಕಾವ್ಯದಲ್ಲಿ ದೇವನಿಗಾಗಿ ಹಂಬಲಿಸುವ ಜೀವವು ಹೆಣ್ಣು. ಅರಸ ಉಮರನು ಸೆರೆಯಲ್ಲಿಟ್ಟು ರೇಷ್ಮೆಯನ್ನು ಒಡ್ಡಿದರೂ ಮಾರುಯಿಯು ತನ್ನೂರಿನ ಒರಟು ಕಂಬಳಿಯನ್ನೇ ಬಯಸಿದಳು. ಅವಳ ಮೊರೆಯನ್ನು ಹಾಡಲೆಂದು ಫಕೀರರು ತಮ್ಮ ಗಂಡುದನಿಯನ್ನು ಬದಿಗಿಡುತ್ತಾರೆ.

ನಾನೋ, ಇಷ್ಟು ವರ್ಷಗಳ ಪ್ರಾರ್ಥನೆಯಲ್ಲಿ ಒಮ್ಮೆಯೂ ನನ್ನ ದನಿಯನ್ನು ಬಿಟ್ಟುಕೊಟ್ಟವನಲ್ಲ. ಆ ಹಾಡು ನಿಮ್ಮ ಕಿವಿಗೆ ಬಿದ್ದರೆ, ದಯವಿಟ್ಟು ನನ್ನಂತೆ ನಗದಿರಿ.