ಕಾಗೆ ಕೊಕ್ಕಿನ ನಿಬ್ಬು

"ಅಜ್ಜೀ, ನಿನ್ನ ಹತ್ರ ಇಂಕ್ ಪೆನ್ ಇದೆಯಾ? ಸೋಮವಾರದಿಂದ ನಾವೆಲ್ಲ ಇಂಕ್ ಪೆನ್ನಲ್ಲೇ ಬರೀಬೇಕಂತೆ, ಮಿಸ್ ಹೇಳಿದ್ದಾರೆ."

ಹೋದ ವರ್ಷ ಜೂನಿನ ಒಂದು ಶನಿವಾರ, ಐದನೇ ತರಗತಿಯ ನನ್ನ ಮೊಮ್ಮಗಳು ಬೆನ್ನಿನ ಚೀಲ ಇಳಿಸುವ ಮೊದಲೇ ಕೇಳಿದ ಪ್ರಶ್ನೆ ಇದು. ಇಲ್ಲ ಅಂದೆ. ನಾನು ಬ್ಯಾಂಕಿನಲ್ಲಿ ಗುಮಾಸ್ತೆಯಾಗಿದ್ದವಳು. ಅಲ್ಲಿ ಕಾರ್ಬನ್ ಹಾಳೆ ಇಟ್ಟು ಒತ್ತಿ ಬರೆಯಬೇಕು, ಕೆಳಗಿನ ಪ್ರತಿಯಲ್ಲೂ ಅಕ್ಷರ ಮೂಡಬೇಕು. ಇಂಕ್ ಪೆನ್ನನ್ನು ಹಾಗೆ ಒತ್ತಿದರೆ ನಿಬ್ಬು ಹಾಳಾಗುತ್ತದೆ, ಪ್ರತಿಯೂ ಬರುವುದಿಲ್ಲ. ಹಾಗಾಗಿ ಕೆಲಸಕ್ಕೆ ಸೇರಿದ 1983ರಿಂದ ನಿವೃತ್ತಿಯಾಗುವ ತನಕ ನನ್ನದು ಬಾಲ್ ಪೆನ್ನಿನ ಬದುಕು. ನಮ್ಮ ಮನೆಗೆ ನಿಬ್ಬಿನ ಪೆನ್ನು ಎಲ್ಲಿಂದ ಬರಬೇಕು?

ರಾತ್ರಿ ಮಲಗಿದ ಮೇಲೆ ನೆನಪಾಯಿತು. ಇದೆ. ಮಂಚದ ಕೆಳಗೆ ಅಪ್ಪನ ಟ್ರಂಕಿನಲ್ಲಿ ಇದೆ. ನಿಜ ಹೇಳಬೇಕೆಂದರೆ, ಆ ಪೆನ್ನನ್ನು ನೆನಪು ಮಾಡಿಕೊಳ್ಳಲು ನಾನು ಯಾವತ್ತೂ ಹೋಗುತ್ತಿರಲಿಲ್ಲ.

ಅಪ್ಪ ಮಧುಗಿರಿಯಲ್ಲಿ ಬಿಕ್ಕಲಂ ಆಗಿದ್ದರು. ಅಜ್ಜ ಅಜ್ಜಿಯರಿಗೆ ಗೊತ್ತಿರುತ್ತದೆ, ಮಕ್ಕಳಿಗೆ ಈ ಪದ ಹೊಸದು. ಹೊಲ, ಮನೆ ಕೊಳ್ಳುವವರು ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಂದಾಗ ಅವರ ಕ್ರಯಪತ್ರವನ್ನು ಛಾಪಾ ಕಾಗದದ ಮೇಲೆ ಬರೆದುಕೊಡುವವರೇ ಬಿಕ್ಕಲಂ. ಪತ್ರದ ಕೊನೆಗೆ 'ಬಿಕ್ಕಲಂ' ಎಂದು ಹಾಕಿ ತಮ್ಮ ಹೆಸರು ಬರೆಯುತ್ತಿದ್ದರು. ಆ ಪದದೊಳಗಿನ 'ಕಲಂ' ಅಂದರೆ ಲೇಖನಿ. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ ಎಂದು ಚಕ್ಕುಬಂದಿ ಬರೆಯುವಾಗ ಒಂದಕ್ಷರ ತಪ್ಪಿದರೂ ಮುಂದೆ ಅಣ್ಣತಮ್ಮಂದಿರು ಕೋರ್ಟಿಗೆ ಅಲೆಯಬೇಕಾಗುತ್ತಿತ್ತು. ಅಪ್ಪನ ಹತ್ತಿರ ಇದ್ದದ್ದು ಒಂದೇ ಪೆನ್ನು. ಕಪ್ಪಗೆ, ನನ್ನ ಹೆಬ್ಬೆರಳಿಗಿಂತ ದಪ್ಪಗೆ, ಒಂದು ಹೂವಿಲ್ಲ ಗೀರಿಲ್ಲ. ನಮ್ಮ ಮನೆಯ ಅಕ್ಕಿ, ಬೇಳೆ, ಅಣ್ಣನ ಹೈಸ್ಕೂಲು ಫೀಸು ಎಲ್ಲ ಅದರಿಂದಲೇ ಇಳಿದು ಬರುತ್ತಿದ್ದವು. ಮನೆಯಲ್ಲಿ ಯಾರೂ ಅದನ್ನು ಮುಟ್ಟುವ ಹಾಗಿರಲಿಲ್ಲ.

1972ರಲ್ಲಿ ನನಗೆ ಹತ್ತು ವರ್ಷ. ಹೊಸ ನೋಟ್ ಬುಕ್ಕಿನ ಮೇಲೆ ನನ್ನ ಹೆಸರನ್ನು ಅಪ್ಪನ ಹಾಗೆ ಬರೆಯಬೇಕೆಂಬ ಆಸೆಯಾಯಿತು. ಅಪ್ಪ ಸ್ನಾನಕ್ಕೆ ಹೋದಾಗ ಅಂಗಿಯ ಜೇಬಿನಿಂದ ಪೆನ್ನು ತೆಗೆದೆ. ಕ್ಯಾಪು ತಿರುಗಿಸುವಷ್ಟರಲ್ಲಿ ಕೈಯಿಂದ ಜಾರಿತು. ಅದೂ ನಿಬ್ಬು ಕೆಳಗಾಗಿ, ಚಪ್ಪಡಿ ಕಲ್ಲಿನ ನೆಲಕ್ಕೆ. ಎತ್ತಿ ನೋಡಿದರೆ ನಿಬ್ಬಿನ ಎರಡು ಸೀಳು ಕಾಗೆ ಬಾಯಿ ತೆರೆದ ಹಾಗೆ ಅಗಲಿದ್ದವು. ಒರೆಸಿ, ಕ್ಯಾಪು ಮುಚ್ಚಿ, ಇದ್ದಲ್ಲೇ ಇಟ್ಟೆ.

ಅವತ್ತು ಅಪ್ಪ ಮಧ್ಯಾಹ್ನಕ್ಕೇ ಮನೆಗೆ ಬಂದರು. ಕ್ರಯಪತ್ರ ಬರೆಸಲು ಹಳ್ಳಿಯಿಂದ ಬಂದವರು ಬೇರೆ ಬಿಕ್ಕಲಂ ಹತ್ತಿರ ಹೋಗಿದ್ದರಂತೆ. ಆ ವಾರವೆಲ್ಲ ಅಣ್ಣ ರುಜು ಹಾಕುವ ಅಭ್ಯಾಸ ಮಾಡುತ್ತಿದ್ದ, ಅನುಮಾನ ಅವನ ಮೇಲೇ ಬಿತ್ತು. "ನಾನಲ್ಲ" ಎಂದು ಒಂದೇ ಸಲ ಅಂದ. ಎರಡು ಏಟು ಬಿದ್ದವು. ನಾನು ಒರಳುಕಲ್ಲಿನ ಹಿಂದೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದೆ. ಬಾಯಿ ಬಿಡಲಿಲ್ಲ. ಅಪ್ಪ ತುಮಕೂರಿನಿಂದ ಬೇರೆ ನಿಬ್ಬು ತಂದು ಹಾಕಿಕೊಂಡರು. ಅದು ಮೊದಲಿನ ಹಾಗೆ ಓಡಲಿಲ್ಲ ಎಂದು ಆಗಾಗ ಗೊಣಗುತ್ತಿದ್ದರು. ಆ ಗೊಣಗಾಟ ಕೇಳಿದಾಗಲೆಲ್ಲ ನಾನು ಹಿತ್ತಲಿಗೆ ಹೋಗುತ್ತಿದ್ದೆ.

ಭಾನುವಾರ ಬೆಳಿಗ್ಗೆ ಮೊಮ್ಮಗಳ ಜತೆ ಟ್ರಂಕು ತೆಗೆದೆ. ಅಪ್ಪನ ಕನ್ನಡಕ, ಖಾಲಿ ಛಾಪಾ ಕಾಗದ ಎರಡು, ಆ ಪೆನ್ನು. ಜತೆಗೊಂದು ಹಲ್ಲುಪುಡಿ ಡಬ್ಬಿ. ಅದರೊಳಗೆ ಕಾಗದದಲ್ಲಿ ಸುತ್ತಿಟ್ಟ ಕಾಗೆ ಕೊಕ್ಕಿನ ನಿಬ್ಬು. ಅಪ್ಪ ಅದನ್ನು ಎಸೆದಿರಲೇ ಇಲ್ಲ.

ಪೆನ್ನು ಗಟ್ಟಿಯಾಗಿ ಕಚ್ಚಿಕೊಂಡಿತ್ತು, ತಿರುಗಲೊಲ್ಲದು. ತಣ್ಣೀರಿನ ಲೋಟದಲ್ಲಿ ಇಳಿಬಿಟ್ಟೆ. ಅರ್ಧ ಗಂಟೆಯಲ್ಲಿ ನೀಲಿ ಎಳೆಯೊಂದು ಹೊಗೆಯ ಹಾಗೆ ನೀರಿನಲ್ಲಿ ಇಳಿಯಿತು. "ಅಜ್ಜೀ, ಅದು ಮುತ್ತಜ್ಜ ಹಾಕಿದ ಇಂಕಾ?" ಎಂದಳು ಹುಡುಗಿ. ಅಪ್ಪ ಹೋಗಿ ಮೂವತ್ತು ವರ್ಷವಾಗಿದೆ. ನಾನು ಹೂಂ ಅಂದೆ, ಮಾತು ಮುಂದುವರಿಸಲು ಆಗಲಿಲ್ಲ. ಮೂರು ದಿನ ನೀರು ಬದಲಾಯಿಸಿದ ಮೇಲೆ ಪೆನ್ನು ಬಿಚ್ಚಿತು. ನಿಮ್ಮ ಮನೆಯಲ್ಲೂ ಇಂಥದ್ದಿದ್ದರೆ ಹೀಗೇ ಮಾಡಿ, ಬಿಸಿನೀರು ಮಾತ್ರ ಬೇಡ. ಹಳೆಯ ಕಪ್ಪು ಪೆನ್ನುಗಳು ಎಬೊನೈಟಿನವು. ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿ ಕೊಂಬಿನಷ್ಟು ಗಟ್ಟಿ ಮಾಡಿದ ವಸ್ತು ಅದು. ಬಿಸಿನೀರಿಗೆ ಹಾಕಿದರೆ ಬಣ್ಣ ಕೆಡುತ್ತದೆ. ಅಂಗೈಯಲ್ಲಿ ಜೋರಾಗಿ ಉಜ್ಜಿ ಮೂಸಿದರೆ ಗಂಧಕದ ವಾಸನೆ ಬರುತ್ತದೆ. ಮೊಮ್ಮಗಳು ಮೂಸಿ ಮೂಗು ಹಿಂಡಿದಳು.

ಮಕ್ಕಳೇ, ಪೆನ್ನಿನಲ್ಲಿ ಶಾಯಿ ಇಳಿಯುವುದು ಹೇಗೆ ಗೊತ್ತೇ? ದೇವರ ದೀಪದ ಬತ್ತಿಯಲ್ಲಿ ಎಣ್ಣೆ ತಾನಾಗಿ ಮೇಲೇರುವುದನ್ನು ನೋಡಿದ್ದೀರಲ್ಲ, ಇಲ್ಲಿ ನಡೆಯುವುದೂ ಅದೇ ಸೆಳೆತ. ನಿಬ್ಬಿನ ಕೆಳಗೆ ನಾವು ನಾಲಿಗೆ ಎನ್ನುತ್ತಿದ್ದ ಕಪ್ಪು ಪಟ್ಟಿಯಿದೆ. ಅದರಲ್ಲಿ ಕೂದಲೆಳೆಯಂಥ ಗೀರು. ಶಾಯಿ ಆ ಗೀರಿನಲ್ಲಿ ಬಂದು, ನಿಬ್ಬಿನ ಸೀಳು ಹಿಡಿದು ಕಾಗದಕ್ಕೆ ತಲುಪುತ್ತದೆ. ಹೊರಗೆ ಹೋದ ಶಾಯಿಯ ಜಾಗಕ್ಕೆ ಗಾಳಿ ಒಳಗೆ ಬರಬೇಕು. ನಾವು ಶಾಲೆಯಲ್ಲಿದ್ದಾಗ ಪೆನ್ನು ಯಾಕೆ ಇದ್ದಕ್ಕಿದ್ದಂತೆ ಬಟ್ಟೆಯ ಮೇಲೆ ಕಕ್ಕುತ್ತಿತ್ತು ಎಂಬುದು ನನಗೆ ಈಗ ಈ ವಯಸ್ಸಿನಲ್ಲಿ ತಿಳಿಯಿತು. ಶಾಯಿ ಮುಗಿಯುತ್ತ ಬಂದಾಗ ಒಳಗೆಲ್ಲ ಗಾಳಿ. ಕೈಯ ಬಿಸಿಗೆ ಆ ಗಾಳಿ ಹಿಗ್ಗಿ, ಉಳಿದ ಶಾಯಿಯನ್ನು ಹೊರಗೆ ದೂಡುತ್ತದೆ. ಪೂರ್ತಿ ತುಂಬಿಸಿಕೊಂಡರೆ ಆ ಕಾಟವಿಲ್ಲ. ಆದರೆ ಪೂರ್ತಿ ತುಂಬಿಸಲು ಅಂಗಡಿಯವನಿಗೆ ಹತ್ತು ಪೈಸೆ ಕೊಡಬೇಕಿತ್ತು, ನಮ್ಮ ಹತ್ತಿರ ಇರುತ್ತಿದ್ದದ್ದು ಐದು! ಅದಕ್ಕೇ ಗೆಳತಿಯ ಪೆನ್ನಿನಿಂದ ಬೆಂಚಿನ ಮೇಲೆ ಐದು ಹನಿ ಸಾಲ ಬಿಡಿಸಿಕೊಳ್ಳುವುದು, ಮರುದಿನ ಎಣಿಸಿ ತೀರಿಸುವುದು. ನಿಬ್ಬು ಕಟ್ಟಿಕೊಂಡರೆ ಬ್ಲೇಡಿನಿಂದ ಸೀಳುವುದು, ಹನಿ ಬಿದ್ದರೆ ಸೀಮೆಸುಣ್ಣ ಒತ್ತಿ ಹೀರಿಸುವುದು, ಕೈಗಂಟಿದ್ದನ್ನು ತಲೆಗೂದಲಿಗೆ ಒರೆಸುವುದು. ನೂರು ಹುಡುಗಿಯರ ಜಡೆಯಲ್ಲಿ ಎಷ್ಟು ಬಾಟಲಿ ಶಾಯಿ ಹೋಯಿತೋ.

ಮೊಮ್ಮಗಳಿಗೆ ಅಂಗಡಿಯಿಂದ ಹೊಸ ಪೆನ್ನು ಬಂತು. ಅಷ್ಟಕ್ಕೆ ನಿಲ್ಲಬೇಕಾದ ಕಥೆ ನಿಲ್ಲಲಿಲ್ಲ, ಯಾಕೆಂದರೆ ಆ ಬಾಗಿದ ನಿಬ್ಬು ನನ್ನ ನಿದ್ದೆ ಕೆಡಿಸಿತ್ತು. ಅದನ್ನು ಹಿಡಿದು ಅವೆನ್ಯೂ ರಸ್ತೆಯ ಒಂದು ಹಳೆಯ ಅಂಗಡಿಗೆ ಹೋದೆ. ಮುದುಕರು ಕನ್ನಡಕ ಏರಿಸಿ ನೋಡಿ, "ಅಮ್ಮಾ, ಹೊಸ ನಿಬ್ಬು ಹಾಕಿಕೊಡ್ತೀನಿ, ಇದನ್ನು ನೆಟ್ಟಗೆ ಮಾಡೋದು ನನ್ನ ಕೈಲಾಗಲ್ಲ. ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕಿಗೆ ಹೋಗಿ. ಲೈಬ್ರರಿ ಹತ್ತಿರ ಮರದ ಕೆಳಗೆ ಪೆನ್ನಿನ ಹುಚ್ಚರು ಸೇರ್ತಾರೆ" ಎಂದರು.

ಹುಚ್ಚರು ಎಂಬ ಮಾತು ಸುಳ್ಳೇನಲ್ಲ. ಕೆಂಪು ಲೈಬ್ರರಿ ಕಟ್ಟಡದ ಪಕ್ಕ ಜಮಖಾನ ಹಾಸಿಕೊಂಡು ಹನ್ನೆರಡು ಹದಿಮೂರು ಜನ ಕೂತಿದ್ದರು. ನಡುವೆ ಪೆನ್ನುಗಳು, ಚಕ್ಕುಲಿ ಡಬ್ಬಿ, ಎಲ್ಲರ ಬೆರಳಿಗೂ ಒಂದೊಂದು ಬಣ್ಣ. ಸಾಫ್ಟ್‌ವೇರ್ ಹುಡುಗರು, ಕೋರ್ಟಿನಲ್ಲಿ ಶೀಘ್ರಲಿಪಿಗಾರರಾಗಿ ನಿವೃತ್ತರಾದವರೊಬ್ಬರು, ಒಬ್ಬ ಕಾಲೇಜು ಹುಡುಗಿ, ಒಬ್ಬರು ದಂತವೈದ್ಯರು. ನಾನು ಸೀರೆಯ ಸೆರಗು ಬಿಗಿದುಕೊಂಡು ದೂರದಲ್ಲೇ ನಿಂತಿದ್ದೆ. ಕಾಲೇಜು ಹುಡುಗಿ ನನ್ನ ಕೈಯಲ್ಲಿದ್ದ ಡಬ್ಬಿ ನೋಡಿ, "ಬನ್ನಿ ಆಂಟಿ, ಏನು ತಂದಿದ್ದೀರಿ?" ಎಂದು ಜಾಗ ಮಾಡಿಕೊಟ್ಟಳು. ಅಪರಿಚಿತರ ನಡುವೆ ಅಷ್ಟು ಬೇಗ ಚಕ್ಕುಲಿ ತಿಂದದ್ದು ನನಗೆ ನೆನಪಿಲ್ಲ.

ಅಪ್ಪನ ಪೆನ್ನು ಕೈಯಿಂದ ಕೈಗೆ ಹೋಯಿತು. ಶೀಘ್ರಲಿಪಿಗಾರರು ಭೂತಗನ್ನಡಿ ಹಿಡಿದು ಮೈಮೇಲೆ ಸವೆದುಹೋದ ಕೆತ್ತನೆ ಓದಿದರು: ರತ್ನಂ, ರಾಜಮಂಡ್ರಿ. ಇಷ್ಟು ವರ್ಷ ನಾನು ಗೀಚು ಅಂದುಕೊಂಡಿದ್ದದ್ದು ಅಕ್ಷರಗಳಾಗಿದ್ದವು. ಎಲ್ಲರ ಮುಖವೂ ಅರಳಿತು, ನನಗೊಬ್ಬಳಿಗೇ ಯಾಕೆಂದು ಗೊತ್ತಿಲ್ಲ. ಅವರೇ ಹೇಳಿದರು. ಸ್ವದೇಶಿ ಚಳವಳಿಯ ಕಾಲದಲ್ಲಿ ಪೆನ್ನುಗಳೆಲ್ಲ ಹೆಚ್ಚಾಗಿ ಹೊರದೇಶದವು. ಗೋದಾವರಿ ತೀರದ ರಾಜಮಂಡ್ರಿಯಲ್ಲಿ ಕೆ. ವಿ. ರತ್ನಂ ಎಂಬವರು ಗಾಂಧೀಜಿಯ ಪ್ರೇರಣೆಯಿಂದ ನಮ್ಮದೇ ಪೆನ್ನು ಮಾಡಲು ಹೊರಟರು. ಮಾಡಿದ ಪೆನ್ನನ್ನು ಗಾಂಧೀಜಿಗೆ ತಲುಪಿಸಿದರು. ಬರೆದು ನೋಡಿದ ಗಾಂಧೀಜಿ, ಇದು ಪರದೇಶಿ ಪೆನ್ನಿನ ಜಾಗ ತುಂಬಬಲ್ಲದು ಎಂದು ಮೆಚ್ಚಿ 1935ರಲ್ಲಿ ಕಾಗದ ಬರೆದರು. ಅಂಥ ಊರಿನ ಪೆನ್ನು ಮಧುಗಿರಿಯ ಬಿಕ್ಕಲಂ ಜೇಬಿಗೆ ಹೇಗೆ ಬಂತು ಎಂದು ಅವರು ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ.

ದಂತವೈದ್ಯರು ನಿಬ್ಬನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. "ತುದಿಯ ಗಟ್ಟಿ ಮಣಿ ಎರಡೂ ಕಡೆ ಉಳಿದಿದೆ, ಅದು ಹೋಗಿದ್ದರೆ ಆಸೆ ಬಿಡಬೇಕಿತ್ತು. ಆದರೆ ಇದು ಉಕ್ಕು. ಚಿನ್ನದ ಹಾಗೆ ಮೆತ್ತಗೆ ಬಾಗಲ್ಲ, ತುಂಡಾದರೂ ಆಗಬಹುದು. ಮಾಡಲಾ, ಬೇಡವಾ, ನೀವೇ ಹೇಳಿ." ಆ ನಿಬ್ಬು ಮುರಿದೇ ಹೋದರೆ? ಹಾಗೇ ಡಬ್ಬಿಯಲ್ಲಿಟ್ಟುಕೊಂಡರೆ? ಮಾಡಿ ಅಂದೆ. ಹೇಗೆ ಬಾಗಿತು ಎಂದು ಅವರು ಕೇಳಿದಾಗ, ನೆಲಕ್ಕೆ ಬಿತ್ತು ಅಂದೆ. ಬೀಳಿಸಿದೆ ಎನ್ನಲು ಅವತ್ತೂ ಬಾಯಿ ಬರಲಿಲ್ಲ.

ಅವರು ಮೂರು ವಾರ ತೆಗೆದುಕೊಂಡರು. ಅಷ್ಟರಲ್ಲಿ ನನಗೂ ಹುಚ್ಚು ಹತ್ತಿತ್ತು. ನೆಂಟರ ಮನೆಗೆ ಹೋದರೆ ಕಾಫಿಗೆ ಮುಂಚೆ ಪೆನ್ನಿನ ವಿಚಾರ. ಎಲ್ಲರ ಮನೆಯ ಡ್ರಾಯರಿನಲ್ಲೂ ಒಂದಿರುತ್ತದೆ, ನೋಡಿ ಬೇಕಾದರೆ. ನಾದಿನಿಯ ಮನೆಯಲ್ಲಿ ಚೀನಾದ ಹೀರೋ ಸಿಕ್ಕಿತು, ನಿಬ್ಬು ಮುಸುಕಿನೊಳಗೆ ಅಡಗಿರುತ್ತದಲ್ಲ, ಅದು. ಆ ರೂಪ 1941ರಲ್ಲಿ ಬಂದ ಪಾರ್ಕರ್ 51ರದ್ದು ಎಂದು ಪಾರ್ಕಿನ ಹುಡುಗರು ಹೇಳಿದರು. ನಮ್ಮ ಕಾಲದಲ್ಲಿ ಹೀರೋ ಪೆನ್ನಿದ್ದವನೇ ಹೀರೋ. ಕ್ಯಾಮ್ಲಿನ್ ಎರಡು, ಹೆಸರಿಲ್ಲದವು ಐದಾರು. ಈಗ ಒಟ್ಟು ಹತ್ತೊಂಬತ್ತು. "ಇನ್ನು ಸೀರೆ ಕೇಳಲ್ಲ ಅಂತ ಬರೆದುಕೊಡು" ಎನ್ನುತ್ತಾರೆ ಯಜಮಾನರು. ಪಾರ್ಕಿನಲ್ಲಿ ನನ್ನ ಒಂದು ತಿಂಗಳ ಪಿಂಚಣಿಯಷ್ಟು ಬೆಲೆಯ ಪೆನ್ನು ತರುವವರೂ ಇದ್ದಾರೆ, ಅದಕ್ಕೆ ಶಾಯಿಯನ್ನೇ ಹಾಕದೆ ಪೆಟ್ಟಿಗೆಯಲ್ಲಿಡುತ್ತಾರೆ. ಅದೊಂದು ನನಗೆ ಒಗ್ಗುವುದಿಲ್ಲ. ಪೆನ್ನಿಗೆ ಬರೆಯುವುದಕ್ಕಿಂತ ಬೇರೇನು ಕೆಲಸ?

ಮೂರನೇ ಭಾನುವಾರ ದಂತವೈದ್ಯರು ನಿಬ್ಬನ್ನು ಪೆನ್ನಿಗೇ ಕೂಡಿಸಿ ನನ್ನ ಕೈಗಿಟ್ಟರು. ದಿನಕ್ಕಿಷ್ಟಿಷ್ಟೇ ಒತ್ತಿ ಒಲಿಸಿಕೊಂಡರಂತೆ. ಬೆಳಕಿಗೆ ಹಿಡಿದರೆ ಬಾಗಿದ ಕಡೆ ಒಂದು ಸಣ್ಣ ಅಲೆ ಕಾಣುತ್ತದೆ, ಅಷ್ಟೇ. ಎಲ್ಲರೂ ಕಾಗದ ಮುಂದೊಡ್ಡಿದರು. ಏನು ಬರೆಯುವುದೆಂದು ತೋಚದೆ, ಹತ್ತು ವರ್ಷದವಳಿದ್ದಾಗ ಬರೆಯಹೊರಟಿದ್ದನ್ನೇ ಬರೆದೆ. ನನ್ನ ಹೆಸರು. ಪೆನ್ನು ಎಣ್ಣೆ ಹಚ್ಚಿದ ಹಾಗೆ ಓಡಿತು. ಅಪ್ಪ ಗೊಣಗುತ್ತಿದ್ದದ್ದು ಸುಮ್ಮನೆ ಅಲ್ಲ.

ಆಗ ಅಲ್ಲೇ ಎಲ್ಲ ಹೇಳಿಬಿಟ್ಟೆ. ಚಪ್ಪಡಿ ಕಲ್ಲು, ಬೆಳ್ಳುಳ್ಳಿ, ಅಣ್ಣನ ಎರಡು ಏಟು. ಯಾರೂ ನಗಲಿಲ್ಲ. ಕಾಲೇಜು ಹುಡುಗಿ, "ಅವರಿಗೆ ಹೇಳಿದ್ರಾ ಆಂಟಿ?" ಎಂದಳು. ಇಲ್ಲ, ಹೇಳಿರಲಿಲ್ಲ.

ಅಂದು ರಾತ್ರಿ ಶಿವಮೊಗ್ಗದಲ್ಲಿರುವ ಅಣ್ಣನಿಗೆ ಅದೇ ಪೆನ್ನಿನಲ್ಲಿ ಎರಡು ಪುಟದ ಕಾಗದ ಬರೆದೆ. ಫೋನು ಮಾಡಬಹುದಿತ್ತು, ಧೈರ್ಯವಾಗಲಿಲ್ಲ. ಹತ್ತು ದಿನ ಉತ್ತರವಿಲ್ಲ. ಪೋಸ್ಟಿನವರು ಬೀದಿಗೆ ಬಂದರೆ ಸಾಕು, ಹೊಟ್ಟೆಯೊಳಗೆ ಪರೀಕ್ಷೆಯ ದಿನದ ಸಂಕಟ.

ಹನ್ನೊಂದನೇ ದಿನ ಬಂತು. "ಪೆನ್ನು ಮುರಿದದ್ದೂ ಗೊತ್ತಿಲ್ಲ, ಏಟು ತಿಂದದ್ದೂ ನೆನಪಿಲ್ಲ ಕಣೇ. ಅಪ್ಪ ಕೊಟ್ಟ ಏಟಿಗೆಲ್ಲ ನಾನೇನು ರಿಜಿಸ್ಟರು ಇಟ್ಟಿದ್ದೇನೆಯೇ? ಪೆನ್ನು ಮನೆಗೆ ಬಂದ ದಿನ ಮಾತ್ರ ಚೆನ್ನಾಗಿ ನೆನಪಿದೆ. 1967ರಲ್ಲಿ ದೊಡ್ಡಪ್ಪ ಗೋದಾವರಿ ಪುಷ್ಕರಕ್ಕೆಂದು ರಾಜಮಂಡ್ರಿಗೆ ಹೋಗಿದ್ದರು. ಅಮ್ಮನಿಗೆ ಗಿಂಡಿಯಲ್ಲಿ ಗೋದಾವರಿ ನೀರು, ಅಪ್ಪನಿಗೆ ಈ ಪೆನ್ನು ತಂದರು. ಅಮ್ಮ ಗಿಂಡಿಯನ್ನು ದೇವರ ಮುಂದೆ ಇಟ್ಟರು. ಅಪ್ಪ ಪೆನ್ನನ್ನೂ ಪಕ್ಕದಲ್ಲೇ ಇಟ್ಟರು. ನೀನಾಗ ತೀರ ಚಿಕ್ಕವಳು. ಕವರಿನ ಮೇಲಿನ ಅಕ್ಷರ ನೋಡಿ ಒಂದು ಗಳಿಗೆ ಅಪ್ಪನದೇ ಅಂದುಕೊಂಡೆ."

ಓದಿ ನಗು ಬಂತು. ಆಮೇಲೆ ಸ್ವಲ್ಪ ಕೋಪವೂ ಬಂತು. ಐವತ್ತು ವರ್ಷದ ಮೇಲೆ ನಾನು ಹೊತ್ತು ತಿರುಗಿದ್ದು ಅವನ ಲೆಕ್ಕದಲ್ಲೇ ಇಲ್ಲವಲ್ಲ! ಕಾಗದವನ್ನು ಇಣುಕಿ ನೋಡಿದ ಮೊಮ್ಮಗಳಿಗೆ ಕಂಡದ್ದೇ ಬೇರೆ.

"ಅಜ್ಜೀ, ಈ ತಾತ ಬಾಲ್ ಪೆನ್ನಲ್ಲಿ ಬರ್ದಿದಾರೆ!"

ಅಣ್ಣ ಮುಂದಿನ ತಿಂಗಳು ಬೆಂಗಳೂರಿಗೆ ಬರುತ್ತಾನೆ. ಭಾನುವಾರ ಪಾರ್ಕಿಗೆ ಕರೆದುಕೊಂಡು ಹೋಗಬೇಕು. ಅವನಿಗೂ ಅಟ್ಟದ ಮೇಲೆ ಎರಡು ಹಳೇ ಪೆನ್ನು ಸಿಕ್ಕಿವೆಯಂತೆ. ಒಂದಕ್ಕೆ ಕ್ಯಾಪಿಲ್ಲ.